ಶಾನಭಾಗರ ಸೋರುವ ಡಬ್ಬ

ಗೋಪಿನಾಥ ಶಾನಭಾಗರ ಕ್ಯಾಮೆರಾ ಡಬ್ಬ ಸೋರುತ್ತದೆ ಎಂದು ಆ ವರ್ಷ ಕಲ್ಲಬಂದರದಲ್ಲಿ ಎಲ್ಲರೂ ನಂಬಿದ್ದರು. ಐಸ್ ಫ್ಯಾಕ್ಟರಿಯವರು ನಂಬಿದ್ದರು, ಬಲೆ ಹೆಣೆಯುವವರು ನಂಬಿದ್ದರು, ಡಬ್ಬವನ್ನು ಕಣ್ಣಿಂದಲೂ ನೋಡದವರು ಇನ್ನಷ್ಟು ಗಟ್ಟಿಯಾಗಿ ನಂಬಿದ್ದರು. ಮಾಸ್ತಮ್ಮನೂ ನಂಬಿದ್ದಳು. ಅದು ವಿಶೇಷ. ಯಾಕೆಂದರೆ ಅವಳು ಬೇರೆ ಏನನ್ನೂ ನಂಬುತ್ತಿರಲಿಲ್ಲ.

ಮಾಸ್ತಮ್ಮ ನಲವತ್ತು ವರ್ಷ ಮೀನು ಮಾರಿದವಳು. ಕಿವಿರು ಎತ್ತಿ ಒಳಗಿನ ಕೆಂಪು ನೋಡದೆ ಒಂದು ಬಂಗುಡೆಯನ್ನೂ ಬುಟ್ಟಿಗೆ ಹಾಕಿದವಳಲ್ಲ. ತಕ್ಕಡಿಯನ್ನು ನಂಬಳು, ರೇಡಿಯೋದ ಹವಾಮಾನವನ್ನು ನಂಬಳು, ಪಕ್ಕದಲ್ಲಿ ಕೂತು ಮಾರುವ ಗಿರಿಜಮ್ಮನನ್ನಂತೂ ಕನಸಿನಲ್ಲೂ ನಂಬಳು. ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ ಒಬ್ಬನೇ ಮಗ ಜಟ್ಟಪ್ಪ. ಮೂವತ್ತೆರಡು ವರ್ಷ. ಯಾರು ಏನು ಹೇಳಿದರೂ ನಂಬುತ್ತಿದ್ದ. ಬರೀ ನಂಬಿದ್ದರೆ ಚಿಂತೆ ಇರಲಿಲ್ಲ, ಹೇಳಿದ ಹಾಗೇ ಮಾಡುತ್ತಿದ್ದ.

ಐಸ್ ಫ್ಯಾಕ್ಟರಿಯಲ್ಲಿ ಕಾವಲಿಗೆ ಇಟ್ಟುಕೊಂಡು, ಯಾರು ಬಂದರೂ ಬಾಗಿಲು ತೆಗೆಯಬೇಡ ಎಂದರು. ಜಟ್ಟಪ್ಪ ಹೂಂ ಅಂದ. ಮಾರನೆಯ ದಿನ ಯಜಮಾನರು ಬಂದರು. ತೆಗೆಯಲಿಲ್ಲ. ಅವರು ಬಿಸಿಲಲ್ಲಿ ಒಂದು ತಾಸು ನಿಂತರು, ಆಮೇಲೆ ಬೇರೆ ಕಾವಲುಗಾರನನ್ನು ಹುಡುಕಿದರು. ಬಲೆ ದೋಣಿಯವರು, ಮೀನು ಕಂಡರೆ ಕೂಗು ಎಂದರು. ಜಟ್ಟಪ್ಪ ಹೂಂ ಅಂದ. ದೋಣಿ ತುಂಬ ಮೀನು ಹೇರಿಕೊಂಡು ವಾಪಸು ಬರುವಾಗ ದಡ ಮುಟ್ಟುವವರೆಗೂ ಕೂಗಿದ.

ಅವನಿಗೆ ಸರಿಯಾಗಿ ಬರುತ್ತಿದ್ದ ಕೆಲಸ ಒಂದೇ. ಉಸಿರು ಕಟ್ಟಿ ಸಮುದ್ರದ ತಳಕ್ಕೆ ಹೋಗಿ, ಬಂಡೆಗೆ ಕಚ್ಚಿದ ಚಿಪ್ಪುಗಳನ್ನು ಸೊಂಟದ ಚೂರಿಯಿಂದ ಎಬ್ಬಿಸಿ ತರುವುದು. ಅದರಲ್ಲಿ ತಪ್ಪಿದ್ದೇ ಇಲ್ಲ. ನೀರೊಳಗೆ ಯಾರೂ ಬುದ್ಧಿ ಹೇಳುವುದಿಲ್ಲವಲ್ಲ, ಅದಕ್ಕೇ ಇರಬೇಕು ಎಂದು ಮಾಸ್ತಮ್ಮ ಅಂದುಕೊಂಡಿದ್ದಳು.

ಶಾನಭಾಗರು ಅವನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದೂ ಆ ಉಸಿರಿಗಾಗಿಯೇ. ಅವರು ಪ್ರವಾಸಿಗಳನ್ನು ದೋಣಿಯಲ್ಲಿ ಎದುರಿನ ನಡುಗಡ್ಡೆಗೆ ಕರೆದೊಯ್ದು, ನೀರಿಗಿಳಿಸಿ, ಮೀನುಗಳ ನಡುವೆ ಅವರ ಫೋಟೋ ತೆಗೆಯುತ್ತಿದ್ದರು. ಫೋಟೋ ಇಲ್ಲದಿದ್ದರೆ ಯಾರೂ ಬರುವುದಿಲ್ಲ. ಕ್ಯಾಮೆರಾ ಕೂರುವುದು ಒಂದು ದಪ್ಪ ಪ್ಲಾಸ್ಟಿಕ್ ಡಬ್ಬದಲ್ಲಿ. ಮುಚ್ಚಳದ ಒಳಗೆ ಕುಕ್ಕರಿಗೆ ಇರುವಂಥದೇ ಒಂದು ರಬ್ಬರ್ ರಿಂಗು. ಮಳೆಗಾಲಕ್ಕೆ ಮುಂಚೆ ಆ ಡಬ್ಬ ದೋಣಿಯಿಂದ ಜಾರಿ ಬಂಡೆಗೆ ಬಡಿದು, ಕೊಂಡಿ ಮುರಿದು, ರಿಂಗು ಕೂರುವ ಅಂಚು ಒಂದು ಕಡೆ ಮುಕ್ಕಾಗಿತ್ತು. ಬೀಳಿಸಿದ್ದು ಶಾನಭಾಗರೇ. ಅದನ್ನು ಅವರು ಹೇಳಿಕೊಳ್ಳುತ್ತಿರಲಿಲ್ಲ. ಫೈಬರ್ ದೋಣಿ ರಿಪೇರಿ ಮಾಡುವವನಿಂದ ಮುಕ್ಕು ತುಂಬಿಸಿ, ನುಣ್ಣಗೆ ಉಜ್ಜಿಸಿ, ಹೊಸ ಕೊಂಡಿ ಹಾಕಿಸಿದರು. ದೋಣಿಗಳು ಮತ್ತೆ ಹೊರಡಲು ಮೂರು ವಾರ ಇತ್ತು. ಅಷ್ಟರಲ್ಲಿ ಡಬ್ಬ ಸರಿಹೋದರೆ ಜಟ್ಟಪ್ಪನ ಕೆಲಸ ಕಾಯಂ, ಇಲ್ಲದಿದ್ದರೆ ತಮಗೂ ಅವನಿಗೂ ಕೆಲಸ ಇಲ್ಲ ಎಂದು ಮಾಸ್ತಮ್ಮನಿಗೆ ಹೇಳಿದರು. ಊರಲ್ಲಿ ಜಟ್ಟಪ್ಪನನ್ನು ಕರೆಯುವವರು ಬೇರೆ ಯಾರೂ ಉಳಿದಿರಲಿಲ್ಲ. ಅವಳ ಮಂಡಿಗೆ ಬುಟ್ಟಿ ಹೊರುವ ಶಕ್ತಿಯೂ ಹೆಚ್ಚು ದಿನ ಉಳಿಯುವಂತಿರಲಿಲ್ಲ.

ಮೊದಲ ದಿನ ಶಾನಭಾಗರು ಡಬ್ಬವನ್ನು ಜಟ್ಟಪ್ಪನ ಕೈಗಿಟ್ಟು, ಇದನ್ನು ಹಸುಗೂಸಿನ ಹಾಗೆ ನೋಡಿಕೋ ಎಂದರು. ಜಟ್ಟಪ್ಪ ಹೂಂ ಅಂದ.

ಮನೆಗೆ ತಂದ. ಕಾಲು ಚಾಚಿ ಕೂತು, ಡಬ್ಬವನ್ನು ಕಾಲ ಮೇಲೆ ಮಲಗಿಸಿಕೊಂಡು, ಕೊಬ್ಬರಿ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿದ. ಬಿಸಿನೀರು ಹೊಯ್ದ. ಲೋಬಾನದ ಹೊಗೆ ಹಾಕಿದ. ದೃಷ್ಟಿಯಾಗದಿರಲಿ ಎಂದು ಕಾಡಿಗೆಯ ಬೊಟ್ಟು ಇಟ್ಟ. ಇಟ್ಟದ್ದು ಲೆನ್ಸಿನ ಎದುರಿನ ಗಾಜಿಗೆ, ನಟ್ಟನಡುವೆ.

ಎಣ್ಣೆ ಕುಡಿದ ರಬ್ಬರ್ ರಿಂಗು ಉಬ್ಬಿ, ತನ್ನ ಜಾಗದಲ್ಲಿ ಕೂರಲೇ ಇಲ್ಲ. ಶಾನಭಾಗರು ತಲೆ ಚಚ್ಚಿಕೊಂಡು ಹೊಸ ರಿಂಗು ತರಿಸಿದರು. ಎಣ್ಣೆ ಬೇಡ, ಕಾಡಿಗೆ ಬೇಡ, ಈ ಟ್ಯೂಬಿನ ಗ್ರೀಸು ಸಾಸಿವೆ ಕಾಳಿನಷ್ಟು ಸಾಕು ಎಂದರು. "ನೆನಪಿಟ್ಟುಕೋ. ಡಬ್ಬ ಮುಚ್ಚುವಾಗ ಕೂದಲು ಇರಬಾರದು. ಒಂದೇ ಒಂದು ಕೂದಲಿದ್ದರೂ ನೀರು ಒಳಗೆ ಬರ್ತದೆ."

ಜಟ್ಟಪ್ಪ ಹೂಂ ಅಂದ. ಹೋಗಿ ತಲೆ ಬೋಳಿಸಿಕೊಂಡ. ಮೀಸೆ ತೆಗೆಸಿದ. ಹುಬ್ಬನ್ನೂ ಬಿಡಲಿಲ್ಲ.

ಗಂಡಸು ತಲೆಯ ಜೊತೆ ಮೀಸೆಯನ್ನೂ ತೆಗೆಸಿದ್ದಾನೆ ಎಂದರೆ ಆ ಕಡೆ ಅರ್ಥ ಒಂದೇ. ಹೆತ್ತವರು ಹೋಗಿದ್ದಾರೆ. ಜಟ್ಟಪ್ಪನ ಅಪ್ಪ ಹೋಗಿ ಹದಿನೆಂಟು ವರ್ಷವಾಗಿತ್ತು. ಉಳಿದವಳು ಒಬ್ಬಳು. ಮಾಸ್ತಮ್ಮ ಪಕ್ಕದೂರಿನ ಪೇಟೆಯಿಂದ ಖಾಲಿ ಬುಟ್ಟಿ ಹಿಡಿದು ಬರುವಷ್ಟರಲ್ಲಿ ಅಂಗಳದ ತುಂಬ ಜನ. ಮೀನು ಮಾರುವ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದರು. ಅವಳು ತಕ್ಷಣ ಒಳಗೆ ಹೋಗಲಿಲ್ಲ. ಬೇಲಿಯ ಹಿಂದೆ ನಿಂತು, ಯಾರು ಎಷ್ಟು ಅಳುತ್ತಾರೆ ಎಂದು ನೋಡಿದಳು. ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದವಳು ಗಿರಿಜಮ್ಮ. ನಡುನಡುವೆ ಕಣ್ಣೊರೆಸಿಕೊಂಡು, ಪೇಟೆಯಲ್ಲಿ ಮಾಸ್ತಕ್ಕ ಕೂರುತ್ತಿದ್ದ ನೆರಳಿನ ಜಾಗ ಇನ್ನು ಯಾರಿಗೆ ಎಂದು ವಿಚಾರಿಸುತ್ತಿದ್ದಳು.

"ಆ ಜಾಗ ಖಾಲಿ ಆಗಲಿಲ್ಲ ಗಿರಿಜೆ, ಎದ್ದು ಮನೆಗೆ ನಡಿ," ಎಂದಳು ಮಾಸ್ತಮ್ಮ.

ಅಂಗಳ ಖಾಲಿಯಾದ ಮೇಲೆ ಮಗನನ್ನು ಎದುರು ಕೂರಿಸಿಕೊಂಡಳು. ಹುಬ್ಬಿಲ್ಲದ ಮುಖ ಮೊಟ್ಟೆಯ ಹಾಗೆ ಕಾಣುತ್ತಿತ್ತು.

"ಯಾರೋ ಒಂದು ಮಾತು ಹೇಳಿದ್ರೆ ಹಾಗೇ ನಂಬ್ತೀಯಲ್ಲ ಮಗನೆ. ನಾನು ಮೀನು ತಕೊಳ್ಳುವಾಗ ಎಂತ ಮಾಡ್ತೆ? ಮೇಲಿನ ಹೊಳಪು ನಂಬ್ತೆನಾ?"

"ಇಲ್ಲ. ಕಿವಿರು ಎತ್ತಿ ನೋಡ್ತೆ."

"ಹಾಂ. ಇನ್ನು ಮೇಲೆ ನೀನೂ ಹಾಗೆ. ಒಳಗೆ ನೋಡದೆ ಯಾವುದನ್ನೂ ನಂಬಬೇಡ."

ಜಟ್ಟಪ್ಪ ಹೂಂ ಅಂದ.

ಮಾರನೆಯ ದಿನ ಹುಬ್ಬಳ್ಳಿಯಿಂದ ದಪ್ಪನೆಯ ಗೃಹಸ್ಥರೊಬ್ಬರು ದೋಣಿ ಹೊರಡುವ ದಿನಕ್ಕೆ ಮುಂಗಡ ಕೊಡಲು ಶಾನಭಾಗರ ಅಂಗಡಿಗೆ ಬಂದರು. ಈಜು ಬರುತ್ತದೆಯೇ ಎಂದು ಶಾನಭಾಗರು ಕೇಳಿದರು. ಮೀನಿನ ಹಾಗೆ ಈಜುತ್ತೇನೆ ಎಂದರು ಅವರು. ಜಟ್ಟಪ್ಪ ಎದ್ದು ಬಂದು ಅವರ ಕಿವಿ ಹಿಡಿದೆತ್ತಿ ಹಿಂದೆ ಬಗ್ಗಿ ನೋಡಿದ. ಏನೂ ಕಾಣಲಿಲ್ಲ ಎಂದ. ಗೃಹಸ್ಥರು ಸಿಟ್ಟಿನಿಂದ, ಇವನು ಯಾರು, ಇಲ್ಲಿ ಏನು ನಡೆಯುತ್ತಿದೆ ಎಂದು ಕೇಳಿದರು. ಕೇಳಿದ್ದಕ್ಕೆ ಜಟ್ಟಪ್ಪ ಎಲ್ಲವನ್ನೂ ಹೇಳಿದ. ಶಾನಭಾಗರು ಡಬ್ಬ ಬೀಳಿಸಿದ್ದು, ಅದಕ್ಕೆ ಎಣ್ಣೆಸ್ನಾನ ಆದದ್ದು, ಶಾನಭಾಗರ ಕಿವಿ ಸೋರುತ್ತಿರುವುದರಿಂದ ಡಾಕ್ಟರು ಅವರಿಗೆ ನೀರಿಗಿಳಿಯಬಾರದು ಎಂದದ್ದು. ಗೃಹಸ್ಥರು ಹುಬ್ಬಳ್ಳಿಗೆ ವಾಪಸು ಹೋದರು.

"ಕೇಳಿದಷ್ಟಕ್ಕೆ ಉತ್ತರ ಕೊಡು," ಎಂದರು ಶಾನಭಾಗರು. "ಒಂದಕ್ಷರ ಹೆಚ್ಚು ಬೇಡ. ಅರ್ಥ ಆಯ್ತಾ?"

ಜಟ್ಟಪ್ಪ ಹೂಂ ಅಂದ.

ಅದೇ ಸಂಜೆ ಶಾನಭಾಗರು ದೋಣಿಯಲ್ಲಿ ನಿಂತು, ದೋಣಿ ಕಟ್ಟುವ ಜಟ್ಟಿಯ ಮೇಲಿದ್ದ ಜಟ್ಟಪ್ಪನಿಗೆ ಹಗ್ಗ ಹಿಡಿದಿದ್ದೀಯಾ ಎಂದು ಕೂಗಿ ಕೇಳಿದರು. ಹಿಡಿದಿದ್ದೇನೆ ಎಂದ. ಗಟ್ಟಿಯಾಗಿ ಹಿಡಿದಿದ್ದೀಯಾ ಎಂದರು. ಗಟ್ಟಿಯಾಗಿ ಹಿಡಿದಿದ್ದೇನೆ ಎಂದ. ಹಗ್ಗದ ಇನ್ನೊಂದು ತುದಿ ದೋಣಿಯಿಂದ ಬಿಚ್ಚಿಹೋಗಿದೆ ಎಂದು ಹೇಳಲಿಲ್ಲ, ಯಾಕೆಂದರೆ ಅದನ್ನು ಅವರು ಕೇಳಿರಲಿಲ್ಲ. ಶಾನಭಾಗರು ಅಳಿವೆಯವರೆಗೆ ತೇಲಿ ಹೋಗಿ, ಬೇರೆಯವರ ದೋಣಿಗೆ ಕಟ್ಟಿಸಿಕೊಂಡು ಬಂದರು.

ಆಮೇಲೆ ಡಬ್ಬದ ಪರೀಕ್ಷೆ ಶುರುವಾಯಿತು. ಕ್ಯಾಮೆರಾ ಇಡದೆ, ಒಳಗೆ ಒಂದು ಒಣ ಕಾಗದ ಹಾಕಿ, ಮುಚ್ಚಿ, ಜಟ್ಟಿಯ ಪಕ್ಕ ಆಳಕ್ಕೆ ಒಯ್ದು ಸ್ವಲ್ಪ ಹೊತ್ತು ಇಟ್ಟು ತರಬೇಕು. ಕಾಗದ ಒಣಗೇ ಇದ್ದರೆ ರಿಪೇರಿ ಸರಿಯಾಗಿದೆ ಎಂದರ್ಥ. ಶಾನಭಾಗರು ಮನೆಯ ಬಕೆಟ್ಟಿನಲ್ಲಿ ಮುಳುಗಿಸಿ ನೋಡಿದ್ದರು, ಕಾಗದ ಒಣಗೇ ಇತ್ತು. ಬಕೆಟ್ಟಿನಲ್ಲಿ ನೀರಿಗೆ ಒತ್ತಡ ಎಲ್ಲಿಂದ ಬರಬೇಕು. ಆಳಕ್ಕೆ ಜಟ್ಟಪ್ಪನೇ ಒಯ್ಯಬೇಕು.

ಒಯ್ದ. ತಂದ. ಡಬ್ಬದ ತುಂಬ ನೀರು.

ಶಾನಭಾಗರು ರಿಂಗು ಬದಲಾಯಿಸಿದರು. ಮನೆಯಲ್ಲಿ ಒಣಗಿತ್ತು, ಆಳದಲ್ಲಿ ಡಬ್ಬದ ತುಂಬ ನೀರು. ಮುಕ್ಕಾದ ಅಂಚನ್ನು ಕೆರೆಸಿ ಮತ್ತೆ ತುಂಬಿಸಿದರು. ಮನೆಯಲ್ಲಿ ಒಣಗಿತ್ತು, ಆಳದಲ್ಲಿ ಡಬ್ಬದ ತುಂಬ ನೀರು. ನೀರು ಬಂತಾ ಎಂದು ಕೇಳಿದರೆ ಜಟ್ಟಪ್ಪ ಬಂತು ಎನ್ನುತ್ತಿದ್ದ. ಒಂದಕ್ಷರ ಹೆಚ್ಚು ಹೇಳುತ್ತಿರಲಿಲ್ಲ.

ಶಾನಭಾಗರು ಮೊದಲು ರಿಂಗು ಮಾರಿದವನ ಮೇಲೆ ಅನುಮಾನಪಟ್ಟರು. ಆಮೇಲೆ ಫೈಬರ್ ರಿಪೇರಿಯವನ ಮೇಲೆ. ಆಮೇಲೆ ಪಕ್ಕದ ದೋಣಿಯ ಇನಾಸನ ಮೇಲೆ, ಯಾಕೆಂದರೆ ಅವನೂ ಪ್ರವಾಸಿಗಳನ್ನು ಕರೆದೊಯ್ಯುವವನು, ಮತ್ತು ಈಚೆಗೆ ತುಂಬ ನಗುತ್ತಿದ್ದ. ಕೊನೆಗೆ ಭೂತಗನ್ನಡಿ ಹಿಡಿದು ಮುಚ್ಚಳದ ಅಂಚು ನೋಡಿದಾಗ, ಚೂರಿ ತಾಗಿದ ಸಣ್ಣ ಸಣ್ಣ ಗುರುತುಗಳು ಕಂಡವು. ಸೋರುವ ಡಬ್ಬ ಹನಿ ಹನಿಯಾಗಿ ಸೋರಬೇಕು. ಇದು ಬಾವಿಗೆ ಬಿಟ್ಟ ಕೊಡದ ಹಾಗೆ ತುಂಬುತ್ತಿದೆ. ಅವರು ಮಾಸ್ತಮ್ಮನನ್ನು ಕರೆಸಿ, ಯಾರೋ ಡಬ್ಬ ಕೆಡಿಸುತ್ತಿದ್ದಾರೆ, ನಿಮ್ಮ ಮಗನ ಕೈಯಲ್ಲೇ ಕೆಡಿಸುತ್ತಿದ್ದಾರೆ, ನಾಡಿದ್ದಿನಿಂದ ಅವನು ಬರುವುದು ಬೇಡ ಎಂದರು.

ಮಾಸ್ತಮ್ಮನಿಗೂ ಅನುಮಾನ ಇತ್ತು. ಅವಳ ಅನುಮಾನ ಶಾನಭಾಗರ ಮೇಲೆ. ಅವರಿಗೊಬ್ಬ ಕೆಲಸವಿಲ್ಲದ ಭಾವಮೈದುನ ಇದ್ದ. ಜಟ್ಟಪ್ಪನನ್ನು ಕಳಿಸಿ ಅವನನ್ನು ತರಲು ಇವರೇ ಎಲ್ಲೋ ತೂತು ಮಾಡಿಟ್ಟಿದ್ದಾರೆ. ಪೆದ್ದನಿಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದಾರೆ. ಪೆದ್ದನ ತಾಯಿಗೆ ಗೊತ್ತಾಗುತ್ತದೆ.

"ನಾಳೆ ನನ್ನ ಕಣ್ಣೆದುರು ಮುಳುಗಿಸಿ ಒಡೆಯರೆ," ಎಂದಳು. "ಕಾಗದ ನಿಮ್ಮದು ಬೇಡ. ನಾನು ಉಪ್ಪು ತರ್ತೆ. ಉಪ್ಪು ಸುಳ್ಳು ಹೇಳೂದಿಲ್ಲ."

ಮರುದಿನ ಬೆಳಿಗ್ಗೆ ಜಟ್ಟಿಯ ಮೇಲೆ ಅವಳು ಡಬ್ಬವನ್ನು ಮೀನಿನ ಹಾಗೆ ತಿರುಗಿಸಿ ತಿರುಗಿಸಿ ನೋಡಿದಳು. ಮೂಸಿದಳು. ಬೆರಳಾಡಿಸಿದಳು. ಶಾನಭಾಗರ ಎರಡೂ ಅಂಗೈ ಬಿಡಿಸಿ ನೋಡಿ, ಮೂರು ಮಾರು ದೂರ ನಿಲ್ಲಿಸಿದಳು. ಶಾನಭಾಗರು ಅವಳ ಸೆರಗಿನ ಗಂಟು ಬಿಚ್ಚಿಸಿ ನೋಡಿದರು. ಒಂದು ಹಿಡಿ ಉಪ್ಪು ಒಳಗೆ ಬಿತ್ತು. ಮುಚ್ಚಳ ಮುಚ್ಚಿತು. ಕೊಂಡಿ ಬಿತ್ತು. ಜಟ್ಟಪ್ಪ ಡಬ್ಬ ಎದೆಗವಚಿಕೊಂಡು ನೀರಿಗೆ ಧುಮುಕಿದ.

ಇಬ್ಬರೂ ನೀರನ್ನು ನೋಡಲಿಲ್ಲ. ಒಬ್ಬರು ಇನ್ನೊಬ್ಬರ ಕೈಗಳನ್ನೇ ನೋಡುತ್ತ ನಿಂತರು.

ಜಟ್ಟಪ್ಪ ಮೇಲೆ ಬಂದ. ಡಬ್ಬದ ತುಂಬ ನೀರು. ಉಪ್ಪು ಇರಲಿಲ್ಲ. ಶಾನಭಾಗರು ಡಬ್ಬ ಕಸಿದುಕೊಂಡು ಅಂಚು ತೋರಿಸಿದರು. ಹೊಸ ಗುರುತು, ಈಗಷ್ಟೇ ಬಿದ್ದದ್ದು. ಇನಾಸ ಏನು ಹೇಳಿಕೊಟ್ಟಿದ್ದಾನೆ ಎಂದು ನಿಮ್ಮ ಮಗನನ್ನೇ ಕೇಳಿ ಎಂದರು.

ಮಾಸ್ತಮ್ಮನ ಮುಖ ಸಣ್ಣದಾಯಿತು. ಮಗ ಪೆದ್ದ ಎನ್ನುವುದನ್ನು ಅವಳು ಹೇಗೋ ಹೊತ್ತಿದ್ದಳು. ಕಳ್ಳ ಎನ್ನುವುದನ್ನು ಹೊರಲಾರಳು.

"ಡಬ್ಬ ಕೆಡಿಸು ಅಂತ ಯಾರಾದ್ರೂ ಹೇಳಿದ್ರಾ ಮಗನೆ?"

"ಇಲ್ಲ."

"ಮತ್ತೆ ನೀರು ಎಲ್ಲಿಂದ ಬಂತು?"

"ಮುಚ್ಚಳದಿಂದ."

ಶಾನಭಾಗರು ಏನೋ ಹೇಳಹೋದರು. ಅವಳು ಕೈಯೆತ್ತಿ ತಡೆದಳು. ಜಟ್ಟಪ್ಪನ ತಲೆಯಲ್ಲಿ ಹೊಸ ಕೂದಲು ಮುಳ್ಳುಮುಳ್ಳಾಗಿ ಎದ್ದಿತ್ತು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ಕೇಳಿದಷ್ಟೇ ಅಲ್ಲ, ಪೂರ್ತಿ ಹೇಳು. ತಳಕ್ಕೆ ಹೋಗಿ ನೀನು ಎಂತ ಮಾಡ್ತೆ?"

ಜಟ್ಟಪ್ಪನಿಗೆ ಸಂತೋಷವಾಯಿತು. ಇಷ್ಟು ದಿನದಲ್ಲಿ ಅದನ್ನು ಅವನನ್ನು ಯಾರೂ ಕೇಳಿರಲಿಲ್ಲ.

"ನೀ ಹೇಳಿದ ಹಾಗೇ ಅಮ್ಮ. ಭಾರೀ ಬಿಗಿ ಅದೆ, ಚೂರಿ ಹಾಕಿ ಎಬ್ಬಿಸ್ಬೇಕು. ನೀರು ಬಂದಿದ್ಯಾ ಅಂತ ಅಲ್ಲೇ ತೆರೆದು ನೋಡ್ತೆ."