ಸೋರುವ ಮೆಷಿನ್ನೂ ರಂಗೋಲಿ ಪುಡಿಯೂ

ಗುರುಪಾದಪ್ಪನ ಬಚ್ಚಲಲ್ಲಿದ್ದ ವಾಷಿಂಗ್ ಮೆಷಿನ್ ಸೋರತೊಡಗಿತು. ಅದಕ್ಕೆ ಗುಜರಿಯವನ ಭಯ. ಕೆಳಗಿದ್ದ ನೆಲ ಒರೆಸುವ ಬಟ್ಟೆಗೆ, "ತಂಗೀ, ಬಿದ್ದ ನೀರನ್ನೆಲ್ಲ ನೀನು ಕುಡಿದುಬಿಡು. ಯಜಮಾನರಿಗೆ ತಿಳಿದರೆ ನನ್ನನ್ನು ಮಾರಿಬಿಡುತ್ತಾರೆ" ಎಂದಿತು. ಬಟ್ಟೆ ಪಾಪ, ಕುಡಿಯಿತು. ಕುಡಿದೂ ಕುಡಿದೂ ನಾರತೊಡಗಿತು.

"ಅಣ್ಣಾ, ಇನ್ನು ನನ್ನ ಕೈಲಾಗದು" ಎಂದು ಅದು ಸೋತ ದಿನ ನೀರು ಹರಿದು ಗುರುಪಾದಪ್ಪನ ಕಾಲಿಗೆ ತಾಗಿತು.

ಅವನು ಬಟ್ಟೆಯನ್ನು ಹಿಂಡಿ ಬಿಸಿಲಿಗೆ ಹಾಕಿದ. ನೆಲ ಒಣಗಿಸಿದ. ತೀರಿಹೋದ ಹೆಂಡತಿ ನೀಲವ್ವನ ರಂಗೋಲಿ ಡಬ್ಬಿ ತಂದ. ಅವಳು ಹೋದ ಮೇಲೆ ಅದರ ಮುಚ್ಚಳ ತೆಗೆದದ್ದು ಅದೇ ಮೊದಲು. ಹನಿ ಎಲ್ಲಿ ಬೀಳುತ್ತದೋ ನೋಡೋಣವೆಂದು ಮೆಷಿನ್ನಿನಡಿ ಪುಡಿ ಹರಡಿ, ಮೆಷಿನ್ನಿಗೆ ನೀರು ಬಿಟ್ಟು ಕೂತ.

"ಅಕ್ಕಾ, ನೀನಾದರೂ ನನ್ನ ಮಾನ ಉಳಿಸು" ಎಂದಿತು ಮೆಷಿನ್.

"ಮುಚ್ಚಿಡೋದು ನನಗೆ ಬಾರದಪ್ಪ" ಎಂದಿತು ಪುಡಿ.

ಟಪ್ಪೆಂದು ಒಂದು ಹನಿ ಬಿತ್ತು.

"ಅಯ್ಯೋ, ಅದು ನನ್ನದಲ್ಲ!" ಎಂದಿತು ಮೆಷಿನ್.

"ಗೊತ್ತು. ಯಜಮಾನರ ಕಣ್ಣಿನದು. ಅವರೂ ನಿನ್ನ ಹಾಗೇ ಮುಚ್ಚಿಟ್ಟುಕೊಂಡಿದ್ದರು."

ಎರಡನೆಯ ಹನಿ ಹಿಂದಿನ ಪೈಪಿನ ಕೆಳಗೆ ಬಿತ್ತು. ಗುರುಪಾದಪ್ಪ ಕಣ್ಣೊರೆಸಿಕೊಂಡು ಅಲ್ಲಿ ಕೈಯಾಡಿಸಿದ. ಪೈಪಿನ ಕ್ಲಿಪ್ಪು ಸಡಿಲವಾಗಿತ್ತು. ಸ್ಕ್ರೂಡ್ರೈವರ್ ಹಿಡಿದು ಬಿಗಿದ. ಹನಿ ನಿಂತಿತು.

"ಇಷ್ಟಕ್ಕೇನಣ್ಣಾ ನಾನು ಅಷ್ಟು ನೀರು ಕುಡಿದದ್ದು?" ಎಂದು ಕಿಟಕಿಯಾಚೆ ಹಗ್ಗದ ಮೇಲಿಂದ ಬಟ್ಟೆ ಕೂಗಿತು.

ಮೆಷಿನ್ ಆಗಲೇ ಯಜಮಾನರ ಧೋತರ ಒಗೆಯುತ್ತಿತ್ತು, ಅದರ ಕೆಳಗೆ ರಂಗೋಲಿ ಒಣಗಿಯೇ ಇತ್ತು.