ತೊರೆಯವರೆಗೆ ಕಳಿಸಿಕೊಟ್ಟವರು

“ಕೇಳಿ ಪಡೆದದ್ದು ಕಸಿದುಕೊಂಡದ್ದು ಹೇಗಾದೀತು, ಗುರುಗಳೇ?” ಎಂದು ಇಂದುಧರ ಕೇಳಿದ.

ಅವನ ದನಿಯಲ್ಲಿ ಸಂದೇಹಕ್ಕಿಂತ ಅವಸರ ಹೆಚ್ಚಾಗಿತ್ತು. ಗುರುಗಳ ಆಶ್ರಮದಲ್ಲಿಯೇ ಕಲಿತು ಬೆಳೆದವನು ಅವನು. ಈ ದೇಶವನ್ನು ಹೇಗೆ ಕಟ್ಟಬೇಕೆಂದು ತಲೆ ಕೆಡಿಸಿಕೊಂಡವರ ಬರಹಗಳನ್ನು ಗುರುಗಳು ಅಲ್ಲಿ ಓದಿಸುತ್ತಿದ್ದರು. ಈಗ ಗುಡ್ಡದ ಮೇಲೆ, ಕಾಡಿನ ಜನರ ಹಾಡಿಯೊಂದರಲ್ಲಿ, ಅವರ ಮಕ್ಕಳಿಗಾಗಿ ಆಶ್ರಮದ ಹೆಸರಿನ ಒಂದು ವಸತಿ ಶಾಲೆ ಏಳಬೇಕೆಂಬುದು ಇಂದುಧರನ ಹಂಬಲ. ಜಾಗ ಹಾಡಿಯವರದು. ಅವರು ಗೆಣಸು ಅಗೆದು, ರಾಗಿ ಚೆಲ್ಲಿ ಬದುಕುವ ಇಳಿಜಾರು. ಸರ್ಕಾರ ಒಪ್ಪಿಯಾಗಿತ್ತು. ಗುರುಗಳು ಹೂಂ ಎಂದರೆ ಗುದ್ದಲಿಪೂಜೆಯೊಂದೇ ಬಾಕಿ.

“ನಾನೇ ಹೋಗಿ ಸಭೆ ಸೇರಿಸಿದೆ. ಎಲ್ಲವನ್ನೂ ಬಿಡಿಸಿ ಹೇಳಿದೆ. ಬೇಡ ಅನ್ನುವವರು ಕೈ ಎತ್ತಿ ಅಂದೆ. ಒಂದು ಕೈಯೂ ಏಳಲಿಲ್ಲ. ಹಳ್ಳಿಯೇ ದೇಶದ ಬೇರು ಅಂದವರನ್ನೂ ನೀವು ಓದಿಸಿದಿರಿ. ಹಳ್ಳಿಯ ಕಟ್ಟಿನಿಂದ ಬಿಡಿಸಿಕೊಳ್ಳದೆ ಮನುಷ್ಯನಿಗೆ ಬಿಡುಗಡೆಯಿಲ್ಲ ಅಂದವರನ್ನೂ ಓದಿಸಿದಿರಿ. ಅವರಿಗೂ ಇವರಿಗೂ ಎಷ್ಟೇ ಜಗಳವಿರಲಿ, ಜನರನ್ನು ಕೇಳದೆ ಏನೂ ಮಾಡಬೇಡ ಅನ್ನುವುದರಲ್ಲಿ ಜಗಳವಿಲ್ಲ. ನಾನು ಕೇಳಿದೆನಲ್ಲ? ಮೌನವೇ ಸಮ್ಮತಿ ಅಂತ ಹಿರಿಯರೇ ಹೇಳಿದ್ದಾರೆ.”

“ಯಾರ ಹಿರಿಯರು?” ಎಂದರು ಗುರುಗಳು.

ಇಂದುಧರ ನಕ್ಕ. “ನಮ್ಮ ಹಿರಿಯರೇ. ಅವರಿಗೆ ಬೇಸರವೇನೂ ಆಗಿಲ್ಲ, ಗುರುಗಳೇ. ಊಟ ಹಾಕಿದರು. ಹೊರಟಾಗ ಜೀಪಿನವರೆಗೂ ಇಡೀ ಹಾಡಿಯೇ ಬಂದು ನನ್ನನ್ನು ಕಳಿಸಿಕೊಟ್ಟಿತು.” ಇಷ್ಟು ಹೇಳಿ ಅವನು ಸ್ವಲ್ಪ ತಡೆದ. ಆಮೇಲೆ ಸಲಿಗೆಯಿಂದ, “ನೀವಾದರೂ ಒಂದು ದಿನ ಹಾಗೆ ಕಳಿಸಿಕೊಟ್ಟವರಲ್ಲ,” ಎಂದ.

ಅದು ನಿಜವಾಗಿತ್ತು. ಆಶ್ರಮಕ್ಕೆ ಮಂತ್ರಿಗಳು ಬಂದರೆ, ದೊಡ್ಡ ದೇಣಿಗೆ ಹಿಡಿದು ಗಣಿಯ ಯಜಮಾನರು ಬಂದರೆ, ಗುರುಗಳು ಗೇಟಿನವರೆಗೂ ಹೋಗಿ ಬೀಳ್ಕೊಟ್ಟು ಬರುತ್ತಿದ್ದರು. ಇಂದುಧರ ಹೊರಟಾಗ ಮಾತ್ರ ಚಾಪೆ ಬಿಟ್ಟು ಎದ್ದವರಲ್ಲ. ಕೆಲವು ಸಲ ಓದುತ್ತಿದ್ದ ಪುಸ್ತಕದಿಂದ ಕಣ್ಣನ್ನೂ ಎತ್ತುತ್ತಿರಲಿಲ್ಲ. ತಮಾಷೆ ಮಾಡಿದರೂ ಅದು ಅವನಿಗೆ ಒಳಗೊಳಗೇ ಚುಚ್ಚುತ್ತಿತ್ತು.

ಗುರುಗಳು ಅದಕ್ಕೆ ಒಂದು ಕತೆ ಹೇಳಿದರು.

ಒಬ್ಬ ಅಧಿಕಾರಿ ಇದ್ದ. ಒಳ್ಳೆಯವನು. ಈ ಕತೆಯಲ್ಲಿ ಕೇಡಿಗರು ಯಾರೂ ಇಲ್ಲ. ಇದನ್ನು ಹೇಳುವುದು ಕಷ್ಟವಾಗುವುದು ಅದಕ್ಕೇ.

ಬಯಲಿನ ಊರುಗಳಿಗೆ ನೀರು ಬೇಕಾಗಿತ್ತು. ಗುಡ್ಡದ ತೊರೆಗೆ ಕಟ್ಟೆ ಕಟ್ಟಿದರೆ ನೀರು ಸಿಗುತ್ತಿತ್ತು. ಆದರೆ ತೊರೆಯ ಆಚೆಗಿದ್ದ ಒಂದು ಹಾಡಿ ಮುಳುಗುತ್ತಿತ್ತು. ಹಿಂದಿನವರಾಗಿದ್ದರೆ ಡಂಗುರ ಹೊಡೆಸಿ ಜನರನ್ನು ಎಬ್ಬಿಸುತ್ತಿದ್ದರು. ಈ ಅಧಿಕಾರಿ ಅಂಥವನಲ್ಲ. ರಾಜರ ಕಾಲ ಮುಗಿಯಿತು, ಈಗ ಜನರೇ ದೊರೆಗಳು, ಗುಡ್ಡದವನೂ ಒಬ್ಬ ದೊರೆಯೇ ಎಂದು ಅವನು ನಂಬಿದ್ದ. “ದೊರೆಯ ಹತ್ತಿರ ಅಪ್ಪಣೆ ಕೇಳಲು ಹೊರಟೆಯೇನಪ್ಪಾ?” ಎಂದು ಕಚೇರಿಯಲ್ಲಿ ಜೊತೆಗಾರರು ಕಿಚಾಯಿಸಿದರು. “ಹೌದು,” ಎಂದು ಹೇಳಿಯೇ ಅವನು ಗುಡ್ಡ ಹತ್ತಿದ.

ಆ ಹಾಡಿಯಿಂದ ಜೇನು, ಸೀಗೆಕಾಯಿ ಕೊಂಡು ತರುವ ಒಬ್ಬ ವರ್ತಕ ಇದ್ದ. ಮಾತು ತಿಳಿಸಲು ಅವನನ್ನು ಜೊತೆಗೆ ಕರೆದುಕೊಂಡ. ವರ್ತಕನಿಗೆ ಅವರ ಭಾಷೆ ಬರುತ್ತಿತ್ತು. ಆದರೆ ಕೊಳ್ಳುವುದಕ್ಕೆ ಎಷ್ಟು ಬೇಕೋ ಅಷ್ಟೇ.

ಹಾಡಿಯವರು ಬಂದವರಿಗೆ ಚಾಪೆ ಹಾಸಿದರು. ಸುಟ್ಟ ಗೆಣಸು ಕೊಟ್ಟರು, ಅದರ ಮೇಲೆ ಜೇನು ಹಿಂಡಿದರು. ಉಂಡು ಕೈ ತೊಳೆದ ಮೇಲೆ ಅಧಿಕಾರಿ ತಾನು ಬಂದ ಕಾರಣ ಹೇಳಿದ. ಏನನ್ನೂ ಮುಚ್ಚಿಡಲಿಲ್ಲ. ನೀರು ಎಲ್ಲಿಯವರೆಗೆ ಏರುತ್ತದೆಂದು ಕೈ ತೋರಿಸಿ ಹೇಳಿದ. ಕೆಳಗೆ ಬೇರೆ ಜಾಗ ಕೊಡುತ್ತೇವೆ, ಮನೆ ಕಟ್ಟಿಸಿಕೊಡುತ್ತೇವೆ ಎಂದ. ಕೊನೆಗೆ, “ಇದು ನಿಮ್ಮ ನೆಲ. ನಿಮಗೆ ಬೇಡವಾದರೆ ಬೇಡ ಅನ್ನಿ. ನಾನು ಹಾಗೇ ಬರೆದುಕೊಡುತ್ತೇನೆ,” ಎಂದ.

ಯಾರೂ ಮಾತಾಡಲಿಲ್ಲ. ಹಾಡಿಯ ಯಜಮಾನ ನೆಲ ನೋಡುತ್ತ ಕುಳಿತಿದ್ದ. ಒಬ್ಬ ಮುದುಕಿ ಎದ್ದು ಬಂದು ಅಧಿಕಾರಿಯ ಎಲೆಗೆ ಇನ್ನೊಂದು ಗೆಣಸು ಇಟ್ಟಳು. ಅವನು ಕಾದ. ನಿಜವಾಗಿಯೂ ಕಾದ. ಅಂಗಳದ ಬಿಸಿಲು ಗುಡಿಸಲ ಸೂರಿನ ಮೇಲೆ ಹೋಗುವವರೆಗೂ ಕಾದು, ಆಮೇಲೆ ಹೊರಡಲು ಎದ್ದ.

ಆಗ ಯಜಮಾನನೂ ಎದ್ದ. ಅವನ ಹಿಂದೆ ಹಾಡಿಯೆಲ್ಲ ಎದ್ದಿತು. ಹೆಂಗಸರು ಕೂಸುಗಳನ್ನು ಸೊಂಟಕ್ಕೆ ಎತ್ತಿಕೊಂಡರು. ಕಣ್ಣು ಕಾಣದ ಒಬ್ಬ ಮುದುಕ ಇನ್ನೊಬ್ಬನ ಹೆಗಲು ಹಿಡಿದ. ಎಲ್ಲರೂ ಅಧಿಕಾರಿಯ ಜೊತೆಗೆ ಗುಡ್ಡವಿಳಿದರು. ತೊರೆ ಅವರ ಗಡಿ. ಅಲ್ಲಿ ನಿಂತರು. ಅವನು ತೊರೆ ದಾಟಿ, ತಿರುಗಿ ಕೈ ಮುಗಿದ. ಅವನು ಮರಗಳ ಮರೆಯಾಗುವವರೆಗೂ ಅವರು ಕದಲಲಿಲ್ಲ.

ವರ್ತಕನಿಗೆ ಹೊಟ್ಟೆಕಿಚ್ಚಾಯಿತು. “ನಿಮ್ಮದು ಏನು ಪುಣ್ಯ ಸ್ವಾಮಿ! ನಮ್ಮಪ್ಪನ ಕಾಲದಿಂದ ನಾನು ಇಲ್ಲಿಗೆ ಬರುತ್ತಿದ್ದೇನೆ. ಹೊರಟೆ ಅಂದರೆ ತಲೆ ಎತ್ತಿ ನೋಡುವವರಿಲ್ಲ. ಒಂದು ನಾಯಿ ಕೂಡ ಹಿಂದೆ ಬಂದದ್ದಿಲ್ಲ.”

“ನೀನು ತಕ್ಕಡಿ ಹಿಡಿದು ಬರುತ್ತೀಯ. ನಾನು ಕೈ ಮುಗಿದು ಬಂದೆ,” ಎಂದ ಅಧಿಕಾರಿ. ಅವನ ಕಣ್ಣು ಒದ್ದೆಯಾಗಿತ್ತು. ದೇಶದ ಬಗ್ಗೆ ತಾನು ಓದಿದ್ದೆಲ್ಲ ಸುಳ್ಳಲ್ಲ ಅನ್ನಿಸಿತು ಅವನಿಗೆ.

ಕೇಳಿದೆ, ಯಾರೂ ಬೇಡ ಅನ್ನಲಿಲ್ಲ, ಎಲ್ಲರೂ ಪ್ರೀತಿಯಿಂದ ಗಡಿಯವರೆಗೂ ಬಂದು ಬೀಳ್ಕೊಟ್ಟರು ಎಂದು ಅವನು ಮೇಲಿನವರಿಗೆ ತಿಳಿಸಿದ. ಕಂಡದ್ದನ್ನೇ ಹೇಳಿದ. ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ.

ಮಳೆಗಾಲ ಕಳೆಯಿತು. ಅಧಿಕಾರಿ ಮತ್ತೆ ಗುಡ್ಡ ಹತ್ತಿದ. ಈ ಸಲ ವರ್ತಕನ ಜೊತೆಗೆ ನೆಲ ಅಳೆಯುವವರೂ ಇದ್ದರು, ಅವರ ಹೆಗಲ ಮೇಲೆ ಗೂಟಗಳ ಕಟ್ಟು ಇತ್ತು. ಯಜಮಾನ ತೊರೆಯ ಹತ್ತಿರವೇ ಸಿಕ್ಕಿದ. ಅವನಿಗೆ ಸಿಟ್ಟು ಬರಲಿಲ್ಲ, ಆಶ್ಚರ್ಯವಾಯಿತು.

“ಯಾಕೆ ಬಂದಿರಿ ಸ್ವಾಮಿ? ದಾರಿ ತಪ್ಪಿತೇ?”

“ಅಳತೆಗೆ ಬಂದೆವು. ಆವತ್ತು ನೀವೆಲ್ಲ ಒಪ್ಪಿದಿರಲ್ಲ.”

“ಒಪ್ಪುವುದೆಲ್ಲಿ ಬಂತು! ಎಲ್ಲರೂ ಸೇರಿ ಬೇಡ ಅಂದೆವಲ್ಲ. ಕಣ್ಣಿಲ್ಲದವನೂ ನಡೆದು ಬಂದ. ಹಾಲು ಕುಡಿಯುವ ಕೂಸೂ ಬಂತು. ಇನ್ನು ಹೇಗೆ ಹೇಳಬೇಕಿತ್ತು ನಿಮಗೆ?”

ಆ ಜನರ ರೀತಿ ಹಾಗಿತ್ತು. ತಮ್ಮ ಕೈಯಿಂದ ಉಂಡವನಿಗೆ ಬಾಯಿಬಿಟ್ಟು ಇಲ್ಲವೆನ್ನುವುದು ಅವರಲ್ಲಿ ಪಾಪ. ತಮ್ಮವನಾದವನನ್ನು ಅವರು ಕಳಿಸಿಕೊಡುವುದೇ ಇಲ್ಲ. ಸೌದೆಗೆ ಹೋದ ಮಗನನ್ನು ಯಾರು ಕಳಿಸಿಕೊಡುತ್ತಾರೆ? ಹೋದವನು ಬರುತ್ತಾನೆ, ಅಷ್ಟೆ. ಇನ್ನೊಮ್ಮೆ ಬರಬಾರದವನನ್ನು ಮಾತ್ರ ಎಲ್ಲರೂ ಸೇರಿ ಗಡಿಯವರೆಗೆ ಬಿಟ್ಟು ಬರುತ್ತಾರೆ. ದಾರಿಯಲ್ಲಿ ಅವನಿಗೆ ಮುಳ್ಳು ಚುಚ್ಚಬಾರದು. ದಾರಿ ತಪ್ಪಿ ಅವನು ಹಿಂದಕ್ಕೂ ಬರಬಾರದು.

ಯಜಮಾನ ಬಿಡಿಸಿ ಹೇಳಿದ ಈ ಮಾತನ್ನು ವರ್ತಕ ಅಧಿಕಾರಿಗೆ ತಿಳಿಸುತ್ತ ತಿಳಿಸುತ್ತ ನಡುವೆ ನಿಲ್ಲಿಸಿಬಿಟ್ಟ. ತಾನು ಅಷ್ಟು ಕಾಲವೂ ಅವರ ಮನೆಯವನಾಗಿದ್ದದ್ದು ಅವನಿಗೆ ತಿಳಿದದ್ದು ಆಗಲೇ. ಅವನು ಕೈಯಲ್ಲಿದ್ದ ತಕ್ಕಡಿಯನ್ನು ಬೆನ್ನ ಹಿಂದೆ ಹಿಡಿದುಕೊಂಡ.

ಅಧಿಕಾರಿ ಗೂಟಗಳನ್ನು ನೆಡಿಸದೆ ಇಳಿದು ಬಂದ. ನೇರ ತನ್ನ ಮೇಲಧಿಕಾರಿಯ ಬಳಿಗೆ ಹೋಗಿ, ಅವರು ಬೇಡವೆಂದಿದ್ದಾರೆ, ನನಗೆ ತಿಳಿಯಲಿಲ್ಲ ಎಂದ.

“ಬಾಯಲ್ಲಿ ಅಂದರೋ?”

“ಇಲ್ಲ.”

“ಮತ್ತೆ ಕಾಲಿನಲ್ಲಿ ಅಂದರೋ?” ಮೇಲಧಿಕಾರಿ ಗಟ್ಟಿಯಾಗಿ ನಕ್ಕ. ಆಮೇಲೆ ನಗು ನಿಲ್ಲಿಸಿ, “ನೋಡಪ್ಪಾ, ಅವರಿಗೂ ನಮಗೂ ಕಾನೂನು ಒಂದೇ. ಬೇಡವಾದರೆ ಬೇಡ ಅನ್ನಬೇಕು. ಕೆಳಗೆ ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ಕಾಯುವ ಹೆಂಗಸರಿಗೆ ಏನು ಹೇಳುತ್ತೀ? ಗುಡ್ಡದವರು ನನ್ನ ಜೊತೆ ತಿರುಗಾಡಲು ಬಂದಿದ್ದರು, ಅದಕ್ಕೆ ನೀರಿಲ್ಲ ಅನ್ನುತ್ತೀಯಾ?”

ಅಧಿಕಾರಿಗೆ ಕೊಡಗಳ ಸಾಲು ಕಣ್ಣಿಗೆ ಬಂತು. ಅದೂ ಸುಳ್ಳಾಗಿರಲಿಲ್ಲ. ಅವನು ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ. ಮೇಲಧಿಕಾರಿ ಸ್ವಲ್ಪ ಹೊತ್ತು ನೋಡಿದ. ಸುಮ್ಮನಿದ್ದಾನೆ, ಒಪ್ಪಿದ್ದಾನೆ ಎಂದುಕೊಂಡ. ಕೆಲಸ ಮುಂದುವರಿಯಿತು.

ಹಾಡಿ ಖಾಲಿಯಾಗುವ ದಿನ ಬಂತು. ತೊರೆಯ ಈಚೆಗೆ ಲಾರಿಗಳು ನಿಂತಿದ್ದವು. ಅಧಿಕಾರಿಗೆ ಅಲ್ಲಿ ಕೆಲಸವಿರಲಿಲ್ಲ. ಆದರೂ ಮನಸ್ಸು ತಡೆಯದೆ ಹೋದ. ಜನ ಗಂಟು ಹೊತ್ತು, ಕೋಳಿಗಳನ್ನು ಕಂಕುಳಲ್ಲಿ ಹಿಡಿದು ಗುಡ್ಡ ಇಳಿಯುತ್ತಿದ್ದರು. ಅವನು ಯಾರನ್ನೂ ಮಾತಾಡಿಸಲಿಲ್ಲ. ಕಣ್ಣು ಕಾಣದ ಮುದುಕನ ಕೈಯನ್ನು ತನ್ನ ಹೆಗಲ ಮೇಲೆ ಇಟ್ಟುಕೊಂಡು ಅವರ ಜೊತೆ ನಡೆದ. ಮನೆ ಬಿಟ್ಟು ಹೋಗುವವರನ್ನು ಊರ ಗಡಿಯವರೆಗಾದರೂ ಕಳಿಸಿಕೊಡಬೇಕು ಎಂದು ಅವನ ತಾಯಿ ಹೇಳಿಕೊಟ್ಟಿದ್ದಳು. ಅವನಿಗೆ ತಿಳಿದಿದ್ದ ಮರ್ಯಾದೆ ಅದು. ದುಃಖದಲ್ಲಿ ಮನುಷ್ಯನಿಗೆ ತಾಯಿ ಕಲಿಸಿದ್ದು ನೆನಪಾಗುತ್ತದೆ, ಬೇರೆಯವರು ಕಲಿಸಿದ್ದು ಮರೆತುಹೋಗುತ್ತದೆ.

ತೊರೆಯ ಹತ್ತಿರ ಮುದುಕನನ್ನು ಅವನ ಮಗನ ಕೈಗೆ ಒಪ್ಪಿಸಿ ಅವನು ನಿಂತ. ಕೈ ಮುಗಿದ. ಎಲ್ಲರೂ ದಾಟುವವರೆಗೂ ಕದಲದೆ ನಿಂತ.

ಕೊನೆಯಲ್ಲಿ ದಾಟುತ್ತಿದ್ದ ಯಜಮಾನ ನೀರಿನ ನಡುವೆ ತಿರುಗಿ ನೋಡಿದ. ಗಡಿಯ ಮೇಲೆ ಕೈ ಮುಗಿದು ನಿಂತವನನ್ನು ಬಹಳ ಹೊತ್ತು ನೋಡಿದ.

“ತಿಳಿಯಿತು ಸ್ವಾಮಿ,” ಎಂದ. “ಇನ್ನು ಬರುವುದಿಲ್ಲ.”

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಇಂದುಧರನ ಕಣ್ಣ ಮುಂದೆ ಜೀಪಿನ ದೂಳು ಬಂತು. ದೂಳಿನ ಆಚೆಗೆ ನಿಂತವರು ಬಂದರು. ಕೋಲು ಊರಿಕೊಂಡು ಒಬ್ಬ ಅಜ್ಜಿ ಎಲ್ಲರಿಗಿಂತ ಹಿಂದೆ, ಏದುಸಿರು ಬಿಡುತ್ತ, ನಿಲ್ಲದೆ ನಡೆದು ಬಂದಿದ್ದಳು. ಪಾಪ, ನನಗಾಗಿ ಎಷ್ಟು ಕಷ್ಟಪಟ್ಟಳು ಎಂದು ಅವನು ಆವತ್ತು ದಾರಿಯುದ್ದಕ್ಕೂ ನೆನೆದಿದ್ದ. ಒಂದು ಮಗುವಿಗೆ ಕೈ ಬೀಸಿದ್ದ. ಅದು ತಿರುಗಿ ಕೈ ಬೀಸಿರಲಿಲ್ಲ. ನಾಚಿಕೆ ಎಂದುಕೊಂಡಿದ್ದ.

ಇನ್ನೊಂದೂ ನೆನಪಾಯಿತು. ಗುರುಗಳು ಗೇಟಿನವರೆಗೆ ಬಿಟ್ಟು ಬಂದ ಆ ಮಂತ್ರಿಗಳು, ಆ ಗಣಿಯ ಯಜಮಾನರು. ಅವರಲ್ಲಿ ಯಾರೂ ಎರಡನೆಯ ಸಲ ಆಶ್ರಮಕ್ಕೆ ಬಂದದ್ದನ್ನು ಅವನು ಕಂಡಿರಲಿಲ್ಲ. ತಾನು ಮಾತ್ರ ಹೋಗಿದ್ದ, ಬಂದಿದ್ದ, ಮತ್ತೆ ಹೋಗಿದ್ದ.

ಗುರುಗಳು ಕಾದರು. ಅವನು ಒಂದು ಮಾತು ಹೇಳಲಿ ಎಂಬಂತೆ ಕಾದರು.

ಆದರೆ ಇಂದುಧರನ ಕಣ್ಣಿಗೆ ಶಾಲೆಯೂ ಕಾಣುತ್ತಿತ್ತು. ಸಾಲಾಗಿ ಕುಳಿತ ಮಕ್ಕಳು, ಸ್ಲೇಟು, ಬಿಳಿ ಗೋಡೆ. ಎಷ್ಟೋ ಕಾಲದಿಂದ ಕಂಡ ಕನಸು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆ ಮಕ್ಕಳು ಓದಲು ಕಲಿತರೆ ನಾಳೆ ಬೇಡ ಅನ್ನುವುದನ್ನು ಅವರೇ ಬರೆದು ತಿಳಿಸುತ್ತಾರೆ ಎಂದೂ ಅವನಿಗೆ ಹೊಳೆಯಿತು. ಅವನು ತಲೆ ಎತ್ತಿದ.

“ಆದರೆ ಗುರುಗಳೇ, ಅದು ಅಣೆಕಟ್ಟು. ನಾನು ಕಟ್ಟುವುದು ಶಾಲೆ.”

ಗುರುಗಳು ಅವನ ಮುಖ ನೋಡಿದರು. ಆಮೇಲೆ ನೆಲಕ್ಕೆ ಕೈ ಊರಿ ಚಾಪೆಯಿಂದ ಮೆಲ್ಲಗೆ ಎದ್ದರು. ಹೊಸ್ತಿಲ ಬಳಿ ಹೋಗಿ ಕಾಲಿನಿಂದಲೇ ತಡಕಿ ಚಪ್ಪಲಿ ಮೆಟ್ಟಿಕೊಂಡರು. ಇಂದುಧರ ಕುಳಿತಲ್ಲಿಂದ ಏಳಲಾರದೆ ನೋಡುತ್ತಿದ್ದ.

“ಬಾ ಮಗು, ಗೇಟಿನವರೆಗೆ ನಾನೂ ಬರುತ್ತೇನೆ,” ಎಂದರು.