ಹೊಸದರ ಜೊತೆ ಹಳೇದು

ಹೂಂ ಅನ್ನೋರು ಹತ್ತಿರ ಬನ್ನಿ. ಬರೀ ನಗೋಕೆ ಬಂದೋರು ದೂರ ಕೂತ್ಕೊಳ್ಳಿ.

ದಾವಣಗೆರೆ ಕಡೆ ಒಂದೂರಲ್ಲಿ ಹಾಲಮ್ಮ ಅಂತ ಇದ್ದಳು. ಮಂಡಕ್ಕಿ ಭಟ್ಟಿಯ ಮುಂದೆ ಆಯುಸ್ಸು ಸವೆಸಿದವಳು. ಒಬ್ಬನೇ ಮಗ, ಕರಿಬಸ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ. "ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಅನ್ನ ಹಾಕೋರ್ ಯಾರು?" ಅನ್ನೋದೊಂದೇ ಅವಳ ಚಿಂತೆ. ದುಡಿಯೋ ಹುಡುಗ ಅಂದರೆ ಯಾರಾದರೂ ಹೆಣ್ಣು ಕೊಟ್ಟಾರು ಅಂತ, ಮೂಟೆ ಸಾಗಿಸೋಕೆ ಒಂದು ಹಳೇ ಟೆಂಪೋ ಕೊಡಿಸಿದಳು. ಗಾಡಿ ಓಡಿಸೋದೊಂದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಕೊಂಡು ವಾರವಾಗಿಲ್ಲ, ಗಾಡಿ ಹಿಂದಿನಿಂದ ಗುಂಯ್ ಅನ್ನತೊಡಗಿತು.

"ಆ ಸಪ್ಪಳ ಗ್ಯಾರೇಜಿನ ದಸ್ತಗೀರ್ ಮೇಸ್ತ್ರಿಗೆ ಹೋಗಿ ಕೇಳಿಸಲೇ!" ಅಂದಳು ಹಾಲಮ್ಮ.

ಕರಿಬಸ ಗಾಡಿಯನ್ನು ಮನೆ ಮುಂದೆ ಬಿಟ್ಟು ನಡೆದುಕೊಂಡು ಹೋದ. ಮೇಸ್ತ್ರಿಗೆ ಬೆನ್ನು ತಿರುಗಿಸಿ ನಿಂತ. "ಗುಂಯ್ಯ್!" ಅಂದ. ಗ್ಯಾರೇಜಿನವರು ಬಿದ್ದು ಬಿದ್ದು ನಕ್ಕರು.

ಹಾಲಮ್ಮ ಹಣೆ ಚಚ್ಚಿಕೊಂಡಳು. "ಮಂಗ್ಯಾ! ನಿನ್ನ ಬಾಯಿ ಯಾರಿಗೆ ಬೇಕಿತ್ತು? ಮೇಸ್ತ್ರಿ ಯಾವುದನ್ನ ಕೇಳ್ತಾನೋ ಅದನ್ನೇ ಒಯ್ದು ಮುಂದೆ ಇಡಬೇಕು!"

"ಹೂಂ ಅವ್ವಾ."

ಗಾಡಿ ಒಯ್ದ. ಮೇಸ್ತ್ರಿ ಓಡಿಸಿ ನೋಡಿದ. ಆಕ್ಸಿಲರೇಟರ್ ಒತ್ತಿದರೂ ಗುಂಯ್, ಬಿಟ್ಟರೂ ಗುಂಯ್. "ಡಿಫ್ರೆನ್ಷಲ್ ಕಣಪ್ಪ. ಹಿಂದಿನ ಗಾಲಿಗಳ ನಡುವೆ ಗುಂಡಗೆ ಡಬ್ಬಿ ಐತಲ್ಲ, ಅದು. ಅದರೊಳಗೆ ಎಣ್ಣೆ ಎಷ್ಟೈತಿ, ಹೆಂಗೈತಿ, ನೋಡಿ ನಾಳೆ ಹೇಳು."

ಮರುದಿನ ಕರಿಬಸ ಕೆಳಗಿನ ಬೋಲ್ಟು ಬಿಚ್ಚಿದ. ಎಣ್ಣೆಯನ್ನೆಲ್ಲ ಅವ್ವನ ಸಾರಿನ ಪಾತ್ರೆಗೆ ಇಳಿಸಿದ. ಪಾತ್ರೆಯನ್ನು ಪಕ್ಕದಲ್ಲಿಟ್ಟುಕೊಂಡು ಗಾಡಿ ಓಡಿಸಿಕೊಂಡೇ ಬಂದ. ದಾರಿಯುದ್ದಕ್ಕೂ ಕಟಕಟ, ಕಟಕಟ!

"ತಗಳ್ರಿ ಮೇಸ್ತ್ರಿ, ಎಣ್ಣೆ!"

ಮೇಸ್ತ್ರಿ ಬೆರಳದ್ದಿ ನೋಡಿದ. ಕಬ್ಬಿಣದ ಪುಡಿ, ಅದರ ಜೊತೆ ಮರದ ಹೊಟ್ಟು. ಸಪ್ಪಳ ಹೊರಗೆ ಬರಬಾರದು ಅಂತ ಹೊಟ್ಟು ತುಂಬಿ ಇವರಿಗೆ ಗಾಡಿ ಮಾರಿದ್ದ, ಆ ಬುದ್ಧಿವಂತ! ಅವನನ್ನು ಯಾರೂ ಪೆದ್ದ ಅನ್ನಲಿಲ್ಲ ನೋಡಿ. ಪೆದ್ದ ಅನ್ನಿಸಿಕೊಂಡವನು ನಮ್ಮ ಕರಿಬಸ.

"ಎಣ್ಣೆ ತೆಗೆದು ಗಾಡಿ ಓಡಿಸ್ತಾರೇನಲೇ, ಹಾಳಾದೋನೇ!" ಸುದ್ದಿ ಕೇಳಿ ಹಾಲಮ್ಮ ಅತ್ತೇಬಿಟ್ಟಳು. "ಯಾವುದನ್ನ ಹೊರಗೆ ತೆಗೀತೀಯೋ ಅದರ ಜಾಗಕ್ಕೆ ಹೊಸದು ಹಾಕಬೇಕು!"

"ಹೂಂ ಅವ್ವಾ."

ಮೇಸ್ತ್ರಿ ಡಬ್ಬಿ ಬಿಚ್ಚಿದ. ಒಳಗೆ ದೊಡ್ಡದೊಂದು, ಸಣ್ಣದೊಂದು ಹಲ್ಲಿನ ಚಕ್ರ. ಎರಡರ ಹಲ್ಲೂ ಹೋಗಿದ್ದವು. ದೊಡ್ಡದನ್ನು ತೆಗೆದು ಕೆಳಗಿಟ್ಟು, "ಹೊಸ ಚಕ್ರ ತಗೊಂಡ್ ಬಾ" ಅಂದ. ಕರಿಬಸ ದೊಡ್ಡದನ್ನಷ್ಟೇ ತಂದ.

"ಸಣ್ಣದೆಲ್ಲಿ?"

"ಅದನ್ನ ನೀವಿನ್ನೂ ಹೊರಗೆ ತೆಗೆದಿಲ್ಲಲ್ರೀ!"

ಮೇಸ್ತ್ರಿ ತಲೆ ಹಿಡಿದುಕೊಂಡ. "ಇವು ಜೋಡಿ ಕಣೋ! ಹೊಸದರ ಜೊತೆ ಹಳೇದನ್ನ ಕೂಡಿಸಿದ್ರೆ ಒಂದನ್ನೊಂದು ಕಡೀತಾವೆ!"

ಅವತ್ತು ಹಾಲಮ್ಮನೂ ಅಲ್ಲೇ ನಿಂತಿದ್ದಳು. "ಕೇಳಿದ್ಯೇನಲೇ? ಹೊಸದು ಬಂತು ಅಂದ್ರೆ ಹಳೇದನ್ನ ಗುಜರಿಗೆ ಹಾಕಿ ಬರಬೇಕು!"

"ಹೂಂ ಅವ್ವಾ."

ಗಾಡಿ ಸರಿಹೋಯಿತು. ಬಾಡಿಗೆ ಸಿಕ್ಕಿತು. ಹೆಣ್ಣೂ ಸಿಕ್ಕಿತು. ಕೊಟ್ರವ್ವ ಅಂತ, ಗಟ್ಟಿ ಹುಡುಗಿ. ಇನ್ನು ಮಗನಿಗೆ ಅನ್ನ ಹಾಕೋಳು ಬಂದಳು ಅಂತ ಹಾಲಮ್ಮನ ಎದೆ ಹಗುರಾಯಿತು.

ಸೊಸೆ ಬಂದು ಕೆಲವೇ ದಿನ. ಒಗ್ಗರಣೆ ಮಂಡಕ್ಕಿಗೆ ಖಾರ ಎಷ್ಟು ಹಾಕಬೇಕು ಅಂತ ಅತ್ತೆ ಸೊಸೆ ನಡುವೆ ಮಾತಿಗೆ ಮಾತು ಬೆಳೆಯಿತು. ಕರಿಬಸ ಬಾಗಿಲಲ್ಲಿ ನಿಂತು ಕಿವಿಗೊಟ್ಟು ಕೇಳಿದ.

"ಅವ್ವಾ, ಗಾಡಿ ಹತ್ತು."

ಮಗ ಎಲ್ಲೋ ಸುತ್ತಾಡಿಸ್ತಾನೆ ಅಂತ ಹಾಲಮ್ಮ ಹೊಸ ಸೀರೆ ಉಟ್ಟು ಬಂದು ಕೂತಳು. ಕರಿಬಸ ಊರಾಚೆ ಗುಜರಿ ಅಂಗಡಿ ಮುಂದೆ ನಿಲ್ಲಿಸಿದ. ಅವ್ವನನ್ನು ಹುಷಾರಾಗಿ ಇಳಿಸಿ ತುಕ್ಕು ಕಬ್ಬಿಣದ ನಡುವೆ ಕೂರಿಸಿದ.

"ಏನಯ್ಯ ಇದು?" ಅಂದ ಗುಜರಿಯವನು.

"ಹಳೇದು ರೀ. ಮನೆಗೆ ಹೊಸದು ಬಂದೈತಿ. ಕಡಿದಾಡ್ತಾವೆ."

ಹಾಲಮ್ಮನಿಗೆ ನಾಚಿಕೆಯಿಂದ ಜೀವ ಹಿಡಿಯಾಯಿತು. "ಮುಚ್ಚು ಬಾಯಿ! ನನ್ನ ಬಗ್ಗೆ ಯಾರ ಹತ್ರಾನೂ ಇನ್ನೊಂದು ಮಾತಾಡಬ್ಯಾಡ! ನಡಿ ಮನೆಗೆ!"

"ಹೂಂ ಅವ್ವಾ." ಗಾಡಿ ಹತ್ತಿ ಒಬ್ಬನೇ ಮನೆಗೆ ಹೊರಟೇಹೋದ.

ಗುಜರಿಯವನು ಆಟೋ ಕರೀತೀನಿ ಅಂದ. "ಬ್ಯಾಡಪ್ಪ, ನನ್ನ ಮಗ ಬರ್ತಾನೆ" ಅಂದಳು ಹಾಲಮ್ಮ.

ಇತ್ತ ಕೊಟ್ರವ್ವ ಕೇಳಿದಳು, "ಅತ್ತೆ ಎಲ್ಲಿ?" ಓಣಿಯವರು ಕೇಳಿದರು, ಮೇಸ್ತ್ರಿಯೂ ಬಂದು ಕೇಳಿದ. ಕರಿಬಸನ ಕಣ್ಣಿಂದ ದಳದಳ ನೀರು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕೂತ. ಅವ್ವನ ಮಾತು ಮೀರಿದವನೇ ಅಲ್ಲ.